ಟ್ರಿಗರಿನ ಭಾರ

ಟಪ್—ಇದು ಆ ತುದಿಯ ಏರ್ ರೈಫಲ್ಲು, ಗಾಳಿ ಸೋರುತ್ತಿದೆ, ವಾಷರು ಹೋಗಿರಬೇಕು, ಯಾರೋ ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಮನೆಯಲ್ಲೇ ಬಿಚ್ಚಿ ಕಟ್ಟಿದ್ದಾರೆ, ಇನ್ನು ತಲ್ಲೂರಿನ ತನ್ನ ಅಂಗಡಿಗೆ ಹೊತ್ತುಕೊಂಡು ಬರುತ್ತಾರೆ, ಗುಣಪಾಲಣ್ಣ, ಇದ್ ಎಂತಾಯ್ತ್ ಕಾಣಿ ಅಂತ, ತಾವು ಕೈಯೇ ಹಾಕಿಲ್ಲ ಅನ್ನುವ ಹಾಗೆ—ಟಪ್, ಹಾಂ, ಇದು ತಾನು ರಿಪೇರಿ ಮಾಡಿದ್ದು, ಒಣ ಕಡ್ಡಿ ಮುರಿದ ಹಾಗೆ ಚೊಕ್ಕ ಶಬ್ದ. ಬ್ರಹ್ಮಾವರದ ಈ ಶೂಟಿಂಗ್ ಹಾಲ್‌ನಲ್ಲಿ ಫ್ಯಾನು ಹಾಕುವ ಹಾಗಿಲ್ಲವಂತೆ, ಗುರಿಯ ಕಾಗದ ಅಲ್ಲಾಡುತ್ತದಂತೆ, ಗುಣಪಾಲನ ಅಂಗಿ ಪ್ಲಾಸ್ಟಿಕ್ ಕುರ್ಚಿಗೆ ಅಂಟಿಕೊಂಡಿದೆ, ಮುಂದೆ ಸಾಲಾಗಿ ನಿಂತ ಬೆನ್ನುಗಳು, ನಡುವಿನದು ಅವನ ಹೆಂಡತಿ ಸರಸಳದು, ದಪ್ಪ ಕ್ಯಾನ್ವಾಸ್ ಜಾಕೆಟಿನೊಳಗೆ ಗೋಡೆಯ ಹಾಗೆ ನಿಂತಿದ್ದಾಳೆ, ಸ್ಪರ್ಧೆಗೆ ಮೊದಲು ಅಭ್ಯಾಸಕ್ಕೆ ಕೊಟ್ಟ ಹೊತ್ತು ಕರಗುತ್ತಿದೆ, ಉಳಿದವರೆಲ್ಲ ಹೊಡೆಯಲು ಶುರು ಮಾಡಿದರು, ಇವಳು ಮಾತ್ರ ಕೆನ್ನೆ ಒತ್ತಿ ನೋಡುತ್ತಾಳೆ, ತೆಗೆಯುತ್ತಾಳೆ, ಮತ್ತೆ ಒತ್ತುತ್ತಾಳೆ, ಹೊಡಿ ಮಾರಾಯ್ತಿ, ಹೊಡೆದರೆ ತಾನೆ ಗೊತ್ತಾಗುವುದು—ಆದರೆ ಗೊತ್ತಾಗದಿದ್ದರೇ ಒಳ್ಳೆಯದು, ಯಾಕೆಂದರೆ ಅವಳು ಮೊನ್ನೆ ಕಿರಿಮಂಜೇಶ್ವರದ ತವರಿಗೆ ಹೋಗಿದ್ದಾಗ ಆ ರೈಫಲ್ಲನ್ನು ಬೆಂಚಿನ ಮೇಲಿಟ್ಟು, ಬೇಗ ಹೊಡೆಯಲಿ ಅಂತ, ಟ್ರಿಗರ್ ಎಳೆಯಲು ಬೇಕಾದ ಭಾರವನ್ನು ಅರ್ಧಕ್ಕೆ ಇಳಿಸಿದವನು ಅವನೇ, ಹೇಳಿಲ್ಲ, ಹೇಳಿದ್ದರೆ ಬಿಡುತ್ತಿದ್ದಳೇ, ಹ್ವಾಯ್, ಅದನ್ನ್ ನೀವ್ ಮುಟ್ಟುಕಾಗ ಅಂತ ತಿಂಗಳುಗಟ್ಟಲೆ ಹೇಳುತ್ತಲೇ ಇದ್ದಾಳೆ, ಊರಿಗೆಲ್ಲ ಬಂದೂಕು ಸರಿಮಾಡಿ ಕೊಡುವವನ ಹೆಂಡತಿ, ಗಂಡ ತನ್ನ ಬಂದೂಕು ಮುಟ್ಟಬಾರದು ಅನ್ನುತ್ತಾಳೆ, ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು.

ಹೇಳಿಕೊಳ್ಳೋಣವೆಂದರೆ ಪಕ್ಕದಲ್ಲಿ ಕೂತವನು ಕೌಶಲ್, ಮುಂಬೈಯಲ್ಲಿ ಹೋಟೆಲು, ಊರಿಗೆ ಬಂದಾಗಲೆಲ್ಲ ಶೂಟಿಂಗು, ತನ್ನ ರೈಫಲ್ಲಿಗೆ ಅವನು ಸಿಕ್ಕಿಸದ ಸಾಮಾನಿಲ್ಲ, ಮದುವೆಯ ಕಾರಿಗೆ ಹೂ ಕಟ್ಟಿದ ಹಾಗೆ, ಗುಣಪಾಲಣ್ಣ, ಟ್ರಿಗರ್ ಇನ್ನೂ ಒಂಚೂರ್ ಲೈಟ್ ಮಾಡುಕಾತ್ತಾ ಅನ್ನುತ್ತಾನೆ, ಆತ್ತಪ್ಪ, ಊದಿದರೆ ಗುಂಡು ಹೋಗುವ ಹಾಗೆ ಮಾಡಬಹುದು, ಆಮೇಲೆ ನೀನು ಉಸಿರು ಬಿಟ್ಟಾಗ ಅದು ಗೋಡೆಗೆ ಹೊಡೆದರೆ ನನ್ನನ್ನು ಕೇಳಬೇಡ—ಎಷ್ಟು ಸಲ ಹೇಳುವುದು, ಬಂದೂಕೆಂದರೆ ರವಿಕೆಯ ಹಾಗೆ, ಪೇಟೆಯಲ್ಲಿ ಚಂದ ಕಂಡಿತು ಅಂತ ತಂದರೆ ಆಗುವುದಿಲ್ಲ, ಮೈಯ ಅಳತೆಗೆ ಹೊಲಿಯಬೇಕು, ನಾವು ಕಟ್ಟಿಗೆ ಅನ್ನುವ ಹಿಂಬದಿಯ ಮರದ ಭಾಗ ಭುಜದ ಗುಂಡಿಯಲ್ಲಿ ತಾನಾಗಿ ಕೂರಬೇಕು, ಕತ್ತು ಬಗ್ಗಿಸದೆ ಕೆನ್ನೆ ಸಿಗಬೇಕು, ಕಣ್ಣು ಮುಚ್ಚಿ ಎತ್ತಿ ಕಣ್ಣು ಬಿಟ್ಟರೆ ಗುರಿ ಎದುರಿಗೇ ಇರಬೇಕು, ಟ್ರಿಗರಿನ ಮಾತೆಲ್ಲ ಕಡೆಗೆ, ಆದರೆ ಇವರಿಗೆ ಮೊದಲು ಬೇಕಾದ್ದೇ ಅದು. ಇವರಿಗಿಂತ ಕೆರಾಡಿಯ ತಿಮ್ಮನೇ ವಾಸಿ, ಹಂದಿ ಓಡಿಸುವ ಕೋವಿ ತರುತ್ತಾನೆ, ಎಲೆಕ್ಷನ್ ಹೊತ್ತಿಗೆ ಪೊಲೀಸ್ ಠಾಣೆಯಲ್ಲಿ ಠೇವಣಿ ಇಟ್ಟು ಬಿಡಿಸಿಕೊಂಡದ್ದು, ತುಕ್ಕು ಹಿಡಿದದ್ದು, ಶಬ್ದ ಬಂದ್ರೆ ಸಾಕ್ ಮಾರಾಯ್ರೆ ಅನ್ನುತ್ತಾನೆ, ಅಷ್ಟೇ, ಸರಸಳಿಗೂ ಅಷ್ಟೇ ಸಾಕಿತ್ತಲ್ಲ ಮೊದಲು, ಒಂದು ದಿನ ಅಂಗಡಿಗೆ ಮಧ್ಯಾಹ್ನದ ಬುತ್ತಿ ತಂದವಳು, ಕಾಂಬ, ಇಲ್ಲ್ ಕೊಡಿ ಅಂತ ಯಾರದೋ ರೈಫಲ್ಲನ್ನು ಎತ್ತಿ ಹಿತ್ತಿಲ ಗೋಡೆಗೆ ಅಂಟಿಸಿದ ಕಾಗದಕ್ಕೆ ಹೊಡೆದಳು, ಮತ್ತೊಂದು, ಮತ್ತೊಂದು, ತೂತು ದೊಡ್ಡದಾಯಿತೇ ಹೊರತು ಎರಡಾಗಲಿಲ್ಲ, ಅವನ ಅನ್ನ ಆರಿತು, ಅಂದಿನಿಂದ ಅವನ ನೆಮ್ಮದಿಯೂ—ಅವಳಿಗಾಗಿಯೇ ಕಟ್ಟಿಗೆ ಕೆತ್ತಿದ, ಕೆನ್ನೆಯ ಜಾಗ ಉಜ್ಜಿ ಉಜ್ಜಿ ನುಣುಪು ಮಾಡಿದ, ಟ್ರಿಗರ್ ಮಾತ್ರ ಗಟ್ಟಿಯಿರಲಿ ಅಂದಳು, ಯಾಕೆ ಅಂದರೆ, ಗಟ್ಟಿ ಇದ್ರೆ ನಾ ಅದ್ರ್ ಮೇಲೆ ಕೂಕಂತೆ, ಎಂತ ಮಾತು ಇದು, ಟ್ರಿಗರ್ ಅಂದರೆ ಮಣೆಯೇ, ಕೂತುಕೊಳ್ಳಲಿಕ್ಕೆ.

ಟಪ್—ಅವಳದೇ, ಕಡೆಗೂ, ಆದರೆ ಅವಳು ಹೊಡೆದದ್ದಲ್ಲ, ಅದಾಗಿಯೇ ಹೋದದ್ದು, ಅವಳ ಭುಜ ಬೆಚ್ಚಿದ್ದರಲ್ಲೇ ಗೊತ್ತಾಯಿತು, ಗುರಿ ತೋರಿಸುವ ಟೀವಿ ಪರದೆಯ ಮೇಲೆ ಚುಕ್ಕಿ ಎಲ್ಲೋ ಮೂಲೆಗೆ ಬಿದ್ದಿದೆ, ಕೌಶಲ್ ಅಯ್ಯೋ ಅಂದ, ಸುಮ್ಮನಿರೋ—ಸರಸ ರೈಫಲ್ಲನ್ನು ಮೇಜಿನ ಮೇಲೆ ಇಳಿಸಿ ತಿರುಗಿದಳು, ಅಷ್ಟು ಜನರ ನಡುವೆ ನೇರ ಅವನನ್ನೇ ನೋಡಿದಳು, ಬೈಗುಳವೂ ಇಲ್ಲ, ಅಳುವೂ ಇಲ್ಲ, ಸಾರಿಗೆ ಉಪ್ಪು ಹೆಚ್ಚಾದಾಗ ನೋಡುವ ನೋಟ, ಅವನ ಕುರ್ಚಿಯ ಮುಂದಿನ ಅಡ್ಡಕಟ್ಟೆಯ ಹತ್ತಿರ ಬಂದು ಅಂಗೈ ಚಾಚಿದಳು, ಅಲೆನ್ ಕೀ ಕೊಡಿ, ತಡಿ ನಾನೇ ಮಾಡಿ ಕೊಡ್ತೆ ಅಂದ, ಅದ್ ನಿಮ್ಗೊತ್ತಾಪುದಲ್ಲ, ಕೊಡಿ ಅಂದೆ. ಕೊಟ್ಟ. ಇನ್ನೇನು ಮಾಡುವುದು, ತೀರ್ಪುಗಾರರು ನೋಡುತ್ತಿದ್ದಾರೆ. ಅವಳು ಮೇಜಿಗೆ ಮರಳಿ ಆ ಕೀಲಿಯಿಂದ ಟ್ರಿಗರಿನ ಸ್ಕ್ರೂ ತಿರುಗಿಸಿದಳು, ಬೆರಳಿಟ್ಟು ನೋಡಿದಳು, ಮತ್ತೆ ತಿರುಗಿಸಿದಳು, ಸಾಕು, ಸಾಕು ಮಾರಾಯ್ತಿ, ಮೊದಲಿಗಿಂತಲೂ ಗಟ್ಟಿಯಾಯಿತು, ಇನ್ನು ಅದನ್ನು ಎಳೆಯಲು ಎತ್ತೇ ಬೇಕು, ಸೋತರೆ ಊರೆಲ್ಲ ಹೇಳುತ್ತದೆ, ಗುಣಪಾಲನ ಹೆಂಡತಿಯ ಬಂದೂಕೇ ಸರಿಯಿರಲಿಲ್ಲ ಅಂತ, ಅಂಗಡಿಯ ಬಾಗಿಲು ಹಾಕಿಕೊಂಡು ಮೀನಿನ ಬಲೆ ಹೆಣೆಯಬೇಕಷ್ಟೇ. ಅಭ್ಯಾಸದ ಹೊತ್ತು ಮುಗಿಯಿತು ಅಂತ ಮೈಕು ಕೂಗಿತು, ಅವಳು ಎತ್ತಿದಳು, ಕೆನ್ನೆ ಇಟ್ಟಳು, ಎಲ್ಲರ ಬೆರಳೂ ಟ್ರಿಗರಿಗೆ ಹೋಗಿ ಕೂತಿದೆ, ಅವಳದು ಮಾತ್ರ ಹೊರಗೆ, ಕಟ್ಟಿಗೆಯ ಪಕ್ಕಕ್ಕೆ ನೇರವಾಗಿ ಚಾಚಿಕೊಂಡು, ಪಾತ್ರೆ ತಿಕ್ಕಿ ಒರಟಾದ ಆ ತೋರುಬೆರಳು, ಹೋಗಲಿ ಒಳಗೆ, ಹೋಗಲಿ—ಉಸಿರು ಇಳಿಯಿತು, ಬೆರಳು ನಿಧಾನ ಒಳಗೆ ಸರಿಯಿತು, ಅಲ್ಲಿ ನಿಂತಿತು, ಕೂತಿತು, ಹೌದು, ಕೂತೇಬಿಟ್ಟಿತು—ಟಪ್. ನಡುಮಧ್ಯ.

ಆಮೇಲೆ ಪ್ರತಿ ಸಲವೂ ಹಾಗೆಯೇ, ಎಲ್ಲರಿಗಿಂತ ನಿಧಾನ, ಹಲ್ಲು ಕಚ್ಚಿ ನೋಡಿ ನೋಡಿ ಅವನ ದವಡೆ ನೊಂದಿತು, ಮುಗಿದಾಗ ಅವಳು ಎರಡನೆಯವಳು, ರಾಜ್ಯಮಟ್ಟಕ್ಕೆ ಆಯ್ಕೆ, ಜನ ಕೈಕುಲುಕಿದ್ದು ಅವನಿಗೆ, ಎಂತ ಟ್ಯೂನಿಂಗ್ ಮಾರಾಯ್ರೆ ಅಂತ, ಅದು ಇನ್ನೂ ಉರಿ, ಸೋತಿದ್ದರೆ ಬಯ್ಯಲಾದರೂ ಬರುತ್ತಿತ್ತು, ಕೌಶಲ್ ಬೇರೆ ಬೆನ್ನು ಹತ್ತಿದ, ಸರಸಕ್ಕನ್ ಟ್ರಿಗರ್ ಸೆಟ್ಟಿಂಗ್ ಎಷ್ಟಣ್ಣ, ನಂಗೂ ಹಾಂಗೇ ಮಾಡಿ ಕೊಡಿ, ಎಷ್ಟು ಅಂತ ಗುಣಪಾಲನಿಗೆಲ್ಲಿ ಗೊತ್ತು, ತಿರುಗಿಸಿದವಳು ಅವಳು. ಈಗ ಓಮ್ನಿ ವ್ಯಾನು ಹೆದ್ದಾರಿಯಲ್ಲಿ ತಲ್ಲೂರಿನ ಕಡೆಗೆ ಹೋಗುತ್ತಿದೆ, ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ, ಕೇಳಬಾರದು ಅಂದುಕೊಂಡೇ ಕೇಳಿದ, ಎಷ್ಟ್ ತಿರ್ಗ್ಸಿದೆ ಅಂತ, ಗೊತ್ತಿಲ್ಲೆ, ಬೆರಳಿಗೆ ಸಮ ಆಯ್ತ್, ಬಿಟ್ಟೆ, ಇನ್ ಅದನ್ನ್ ಮುಟ್ಟಬೇಡಿ ಅಂದು ಅವಳು ಸೀಟಿಗೆ ಒರಗಿದಳು. ಮುಟ್ಟುವುದಿಲ್ಲ, ಅಳೆಯುವುದಷ್ಟೇ, ಭಾರ ತೂಗುವ ಸಾಧನ ಇದೆಯಲ್ಲ, ತೂಗಿ ಕೌಶಲನಿಗೂ ಅಷ್ಟೇ ಇಟ್ಟು ಕೊಟ್ಟರಾಯಿತು, ಆದರೆ ಕೌಶಲ್ ಅದರ ಮೇಲೆ ಕೂರುತ್ತಾನೆಯೇ, ಅವನ ಬೆರಳಿಗೆ ಅಷ್ಟು ತಾಳ್ಮೆ ಎಲ್ಲಿ, ಹಾಗಾದರೆ ತೂಗಿ ಏನು ಪ್ರಯೋಜನ, ನಾಳೆ ಆ ಸೋರುವ ರೈಫಲ್ಲು ಬೇರೆ ಬರುತ್ತದೆ, ವಾಷರ್ ತರಿಸಬೇಕು, ತಿಮ್ಮನ ಕೋವಿ ಬಾಕಿ—ಆ ಬೆರಳು, ಕಟ್ಟಿಗೆಯ ಪಕ್ಕಕ್ಕೆ ನೇರ ಚಾಚಿಕೊಂಡು—ವಾಷರ್, ಹೌದು, ವಾಷರ್ ತರಿಸಬೇಕು, ಉಡುಪಿಗೆ ಫೋನು—ಆ ಬೆರಳು, ಯಾರ ಅವಸರವೂ ತನ್ನದಲ್ಲ ಅನ್ನುವ ಹಾಗೆ, ಟ್ರಿಗರಿನ ಹೊರಗೆ, ಇನ್ನೂ ಹೊರಗೆ—