ಫೋನಿನಲ್ಲಿ ಊರಿಗೆ ಬಂದ ಕೈಮಾತು

ನನ್ನ ಮಗಳು ಲಿಂಪೋ ಚಿಕ್ಕವಳಿದ್ದಾಗ ಜ್ವರ ಬಂದು ಅವಳ ಕಿವಿ ಹೋಯಿತು. ಕಲಿತಿದ್ದ ಮಾತುಗಳೂ ಬರಬರುತ್ತಾ ನಿಂತುಹೋದವು. ಎದುರಿಗಿದ್ದದ್ದನ್ನು ಬೆರಳು ಮಾಡಿ ತೋರಿಸುತ್ತಿದ್ದಳು. ಎದುರಿಗಿಲ್ಲದ್ದನ್ನು ಕೇಳಲು ದಾರಿಯಿರಲಿಲ್ಲ. ಆಗ ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದಳು.

ಮೊಂಗು ಪಟ್ಟಣದ ಆಸ್ಪತ್ರೆಯಲ್ಲಿ ನರ್ಸ್ ಒಬ್ಬಳು ಫೋನಿನಲ್ಲಿ ಒಂದು ವೆಬ್‌ಸೈಟ್ ತೋರಿಸಿದಳು. ಕಿವುಡರ ಕೈಮಾತು, ಪದಕ್ಕೊಂದು ಚಿತ್ರ. "ಮನೇಲಿ ದಿನಾ ನೋಡಿ ಕಲೀರಿ, ಮಗೂಗೂ ಕಲಿಸಿ" ಎಂದಳು. ನಮ್ಮೂರು ನದಿಬಯಲಿನ ಆಚೆ, ಅಲ್ಲಿ ಸಿಗ್ನಲ್ ಇಲ್ಲ ಎನ್ನಲು ನಾಚಿಕೆಯಾಗಿ ತಲೆಯಾಡಿಸಿ ಬಂದೆ.

ದೋಣಿಕಟ್ಟೆಯ ಸಂತೆಯಲ್ಲಿ ಫೋನ್ ಚಾರ್ಜ್ ಮಾಡಿಕೊಡುವ ಮೋಂಡೆ ಎಂಬವಳ ಹತ್ತಿರ ಮಾತ್ರ ಹೇಳಿಕೊಂಡೆ.

"ಅಷ್ಟೇನಾ ಅಕ್ಕಾ? ಆ ಪೇಜೆಲ್ಲಾ ನಿಮ್ಮ ಫೋನಲ್ಲೇ ಸೇವ್ ಮಾಡಿಕೊಡ್ತೀನಿ. ಸಿಗ್ನಲ್ ಇಲ್ದಿದ್ರೂ ತೆರ್ಕೊಳ್ಳುತ್ತೆ."

ಮಾಡಿದಳು. ಕೊಡುವ ಮೊದಲು ನೆಟ್ ಆರಿಸಿ ತೆರೆದು ನೋಡಿದವಳು ನಾಲಿಗೆ ಕಚ್ಚಿಕೊಂಡಳು. ಚಿತ್ರ ಇರಬೇಕಾದಲ್ಲೆಲ್ಲ ಬೂದುಬಣ್ಣದ ಚೌಕ.

"ಅಕ್ಷರ ಬಂದಿದೆ, ಕೈ ಬಂದಿಲ್ಲ. ಪೇಜನ್ನ ಕೆಳಗಿನ ತನಕ ಎಳೆದು, ಚಿತ್ರ ಎಲ್ಲಾ ಮೂಡಿದ ಮೇಲೆ ಸೇವ್ ಮಾಡ್ಬೇಕಿತ್ತು. ಇಲ್ಲಿ ನೆಟ್ ತೆವಳ್ತಾ ಇದೆ, ದಿಬ್ಬದ ಮೇಲೆ ಚೆನ್ನಾಗಿ ಸಿಗುತ್ತೆ. ಇರಿ, ಬಂದೆ." ಅಂಗಡಿಯನ್ನು ಪಕ್ಕದ ಟೊಮೆಟೊದವಳಿಗೆ ಒಪ್ಪಿಸಿ, ನನ್ನ ಫೋನ್ ಹಿಡಿದು ಓಡಿಯೇಬಿಟ್ಟಳು.

ಅಷ್ಟರಲ್ಲಿ ನಮ್ಮೂರಿಗೆ ಹೊರಟಿದ್ದ ದೋಣಿಯ ಅಂಬಿಗ ಮುಕೆಲಬಾಯಿ ನನ್ನನ್ನು ಕೂಗಿದ: "ಏ ನಾಮಕಾವ್, ಬರ್ತೀಯೋ, ಇಲ್ಲೇ ಇನ್ನೊಬ್ಬ ಗಂಡನ್ನ ಹುಡುಕ್ಕೊಂಡ್ಯೋ?"

ದೋಣಿಯಲ್ಲಿ ಕೂತವರೆಲ್ಲ ನಕ್ಕರು. ಕೋಳಿ ತಂದಿದ್ದ ಮುದುಕಿ ನೊಸಿಕು ಮಾತ್ರ ಸಿಡುಕಿದಳು: "ಇವಳ ಫೋನಿಗೋಸ್ಕರ ನನ್ನ ಕೋಳಿ ಬಿಸಿಲಲ್ಲಿ ಸಾಯ್ಬೇಕಾ?"

ನಾನು ಲಿಂಪೋಳನ್ನು ಮುಂದೆ ನಿಲ್ಲಿಸಿ ಇದ್ದದ್ದು ಇದ್ದಂತೆ ಹೇಳಿದೆ. ಮುದುಕಿ ಮಗುವಿನ ಮುಖವನ್ನೇ ನೋಡಿದಳು. ಮುಕೆಲಬಾಯಿ ಎಂಜಿನ್ ಹಚ್ಚಿದ್ದೇ ತಡ, ಅವಳೇ ಅವನನ್ನು ಗದರಿದಳು: "ಆರಿಸೋ ಅದನ್ನ! ಮಗೂಗೆ ಮಾತು ಬರ್ತಾ ಇದೆ, ಕಾಯೋಕಾಗಲ್ವಾ ನಿಂಗೆ?"

ಎಂಜಿನ್ ನಿಂತಿತು. ಎಲ್ಲರೂ ಕಾದರು. ಮೋಂಡೆ ಏದುಸಿರು ಬಿಡುತ್ತಾ ಓಡಿಬಂದಳು. ನೆಟ್ ಆರಿಸಿ ತೋರಿಸಿದಳು: ಒಂದು ಕೈಯೂ ತಪ್ಪಿರಲಿಲ್ಲ. ನಾನು ಸೆರಗಿನ ಗಂಟಿಗೆ ಕೈಹಾಕಿದರೆ, "ಮೊದ್ಲು ದೋಣಿ ಹತ್ತಿ ಅಕ್ಕಾ" ಎಂದು ದೋಣಿಯತ್ತ ನೂಕಿದಳು.

ಮನೆಯಲ್ಲಿ ಫೋನ್ ನೋಡಿಕೊಂಡು ಕಲಿಯತೊಡಗಿದೆವು. ನೀರು, ಮೀನು, ನಿದ್ದೆ. ಲಿಂಪೋಗೆ ಅದು ಬರೀ ಆಟವಾಗಿತ್ತು; ಸಿಕ್ಕ ಚಿತ್ರವನ್ನೆಲ್ಲ ನೋಡಿ ಕೈ ಆಡಿಸುತ್ತಿದ್ದಳು. ನನ್ನ ಗಂಡ ಸಿಟಾಲಿ, "ಸೊಳ್ಳೆ ಓಡಿಸ್ತಾ ಇದೀರಾ ಇಬ್ರೂ?" ಎಂದು ನಗುತ್ತಿದ್ದ.

ವರ್ಷವರ್ಷದಂತೆ ಬಯಲಿಗೆ ನೆರೆ ಏರಿತು. ಎಲ್ಲರಂತೆ ನಾವೂ ಎತ್ತರದ ದಡದ ಮೇಲಿನ ಗುಡಿಸಲಿಗೆ ಬಂದೆವು. ಬಂದಾಗಿನಿಂದ ಲಿಂಪೋ ಊಟ ಬಿಟ್ಟಳು. ಮೊಸರು ಕೊಟ್ಟರೂ ಬೇಡ. ಒಂದು ಮಧ್ಯಾಹ್ನ ನನ್ನ ಮುಂದೆ ಬಂದು ನಿಂತು ತೊಡೆ ತಟ್ಟಿದಳು. ಆಮೇಲೆ ತೋರುಬೆರಳು ಎತ್ತಿ ಅತ್ತಿತ್ತ ಆಡಿಸಿದಳು. ನನಗೆ ಹೊಳೆಯಲಿಲ್ಲ. ಅವಳು ಬಿಡದೆ ಮತ್ತೆ ಮತ್ತೆ ಅದನ್ನೇ ಮಾಡಿದಳು. ಫೋನ್ ತೆರೆದು ಹುಡುಕಿದೆ. ತೊಡೆ ತಟ್ಟಿದರೆ ನಾಯಿ. ಬೆರಳು ಆಡಿಸಿದರೆ ಎಲ್ಲಿ.

ನಾಯಿ ಎಲ್ಲಿ?

ಬಲೆ ಕಾಯಲು ಬಯಲಿನಲ್ಲಿ ನಮ್ಮ ಮನೆಯಿದ್ದ ದಿಣ್ಣೆಯಲ್ಲೇ ಉಳಿದ ಮೈದುನನ ಜೊತೆ ನಮ್ಮ ನಾಯಿಯನ್ನೂ ಬಿಟ್ಟು ಬಂದಿದ್ದೆವು. ನಮಗೆಲ್ಲ ಅದು ಗೊತ್ತಿತ್ತು. ಅವಳಿಗೆ ಯಾರು ಹೇಳಿದ್ದರು?

ನಾನು ಅಳುತ್ತಾ ಸಿಟಾಲಿಗೆ ಹೇಳಿದೆ. ಅವನು ಮಗಳತ್ತ ನೋಡಿ ಹುಟ್ಟು ಹಿಡಿದು ದೋಣಿ ನೂಕಿದ. ಹೊತ್ತು ಮುಳುಗುವ ಮೊದಲು ತಿರುಗಿ ಬಂದ. ನಾಯಿ ಅವನಿಗಿಂತ ಮುಂಚೆ ದಡಕ್ಕೆ ಹಾರಿತು. ಲಿಂಪೋ ಅದರ ಕುತ್ತಿಗೆಯಲ್ಲಿ ಮುಖ ಹುದುಗಿಸಿದಳು. ಸಿಟಾಲಿ ಒದ್ದೆ ಬಟ್ಟೆಯಲ್ಲೇ ನನ್ನ ಪಕ್ಕ ಕೂತ.

"ಅಪ್ಪ ಅನ್ನೋಕೆ ಹೇಗೆ? ತೆಗಿ ಆ ಫೋನು."

ನೀರಿಳಿದ ಮೇಲೆ, ಒಂದು ಸೋರೆಬುರುಡೆ ತುಂಬ ಮೊಸರು ಹೊತ್ತು ಲಿಂಪೋಳನ್ನು ಕರೆದುಕೊಂಡು ಮೋಂಡೆಯ ಅಂಗಡಿಗೆ ಹೋದೆ. ನಡೆದದ್ದನ್ನೆಲ್ಲ ಹೇಳಿದರೂ ಅವಳಿಗೆ ನೆನಪೇ ಇರಲಿಲ್ಲ.

"ದಿನಾ ಎಷ್ಟೋ ಜನ ಬರ್ತಾರಕ್ಕಾ. ಯಾರೋ ಬೇರೆಯವ್ರಿರ್ಬೇಕು, ನಾನಲ್ಲ."

"ನೀನೇ ಕಣಮ್ಮಾ" ಎಂದೆ. ಬುರುಡೆಯನ್ನು ಅವಳ ಮಡಿಲಿಗಿಟ್ಟೆ.

ಮೋಂಡೆ ಬಗ್ಗಿ ಲಿಂಪೋಳನ್ನು ನೋಡಿ, ತನ್ನನ್ನು ತೋರಿಸಿಕೊಂಡು, ಏನಾದರೂ ಕಲಿಸು ಎಂಬಂತೆ ಕೈ ಚಾಚಿದಳು. ಲಿಂಪೋ 'ಮೀನು' ಮಾಡಿ ತೋರಿಸಿದಳು. ಮೋಂಡೆ ತಪ್ಪಾಗಿ ಮಾಡಿದಳು. ನನ್ನ ಮಗಳು ಹುಬ್ಬು ಗಂಟಿಕ್ಕಿ, ಅವಳ ಬೆರಳುಗಳನ್ನು ಒಂದೊಂದಾಗಿ ಹಿಡಿದು ಸರಿಮಾಡತೊಡಗಿದಳು.