ಶಾವಿಗೆ ಮೋಟಾರಿನ ಬೆಳಗಿನ ರೋಗ

ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಮೋಟಾರು ರಿಪೇರಿ ಮಾಡಿ ನಿವೃತ್ತನಾದ ಕಲ್ಲಪ್ಪನಿಗೆ ಶಿವಮೊಗ್ಗದ ಒಂದು ಪುಟ್ಟ ಮೋಟಾರು ನೀರು ಕುಡಿಸುತ್ತಿತ್ತು. ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿ ಸುಪ್ರಿಯಾ ನಡೆಸುವ ಶಾವಿಗೆ ಮಿಷನ್ನಿನ ಮೋಟಾರು ಅದು; ದಿನಾ ಬೆಳಗ್ಗೆ ಅಂಗಡಿಯ ಬೀಗ ತೆಗೆದು ಮಿಷನ್ ನೋಡಿಕೊಳ್ಳುವ ಕೆಲಸ ಅವನದು. ವೇಗ ಹೆಚ್ಚು ಕಡಿಮೆ ಮಾಡಲೆಂದು ಗುಂಡಿಯಿರುವ ಹೊಸ ಡಬ್ಬಿಯೊಂದನ್ನು ಗೋಡೆಗೆ ಹಾಕಿಸಿ ಹದಿನೈದು ದಿನವಾಗಿತ್ತು. ಅಂದಿನಿಂದ ಶುರು. ಒಂದು ಬೆಳಗ್ಗೆ ಮೋಟಾರು ಓಡುತ್ತದೆ, ಎಳೆಯೆಲ್ಲ ತುಂಡು. ಮರುದಿನ ತೆವಳುತ್ತದೆ, ಶಾವಿಗೆಯೆಲ್ಲ ಮುದ್ದೆ. ಗುಂಡಿ ತಿರುಗಿಸಿ ಹದಕ್ಕೆ ತಂದರೆ ಸಂಜೆಯವರೆಗೂ ತಕರಾರಿಲ್ಲ.

ಕಲ್ಲಪ್ಪ ವೋಲ್ಟೇಜ್ ನೋಡಿದ, ಬೆಲ್ಟು ಬದಲಿಸಿದ, ಬೇರಿಂಗ್ ಬಿಚ್ಚಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

"ಕಲ್ಲಪ್ಪಣ್ಣ, ನಾಳೆಯೂ ಹೀಗೇ ಆದ್ರೆ ಕಂಪನಿಯವ್ರನ್ನ ಕರೆಸ್ತೀನಿ. ನೀವು ಸ್ವಲ್ಪ ರೆಸ್ಟ್ ತಗೊಳ್ಳಿ" ಎಂದಳು ಸುಪ್ರಿಯಾ.

ರೆಸ್ಟು! ಆ ಮಾತು ಅವನ ಎದೆಗೇ ಚುಚ್ಚಿತು. ಮುದುಕನಾದೆ, ಇನ್ನು ಮನೆಯಲ್ಲಿ ಬಿದ್ದಿರು ಅಂದಂತೆಯೇ ಅಲ್ಲವೇ? ರಾತ್ರಿ ಊಟ ಸೇರಲಿಲ್ಲ.

ಮರುದಿನ ಮೊದಲ ಬಸ್ಸಿಗೇ ಬಂದು ತನ್ನ ಬಳಿಯಿದ್ದ ಕೀಲಿಯಿಂದ ಬಾಗಿಲು ತೆಗೆದ. ಕಾರ್ಖಾನೆಯ ಕಾಲದಿಂದ ಬಂದ ರೂಢಿ, ಊದುಬತ್ತಿ ಹಚ್ಚಿ ಮೋಟಾರಿಗೆ ಕುಂಕುಮ ಇಟ್ಟ. ಡಬ್ಬಿಗೂ ಇಡಬೇಕಲ್ಲ? ಅದರ ನಡುವೆ ಹಣೆಯಂತೆ ಕಾಣುತ್ತಿದ್ದುದು ಗುಂಡಿಯೇ. ಕುಂಕುಮ ಚೆನ್ನಾಗಿ ಹಿಡಿಯಲೆಂದು ದಿನದಂತೆ ಹೆಬ್ಬೆರಳು ಒತ್ತಿ ತುಸು ತಿರುವಿದ.

"ಅಣ್ಣಾ, ಬೊಟ್ಟು ಇಡ್ತಿದೀರೋ, ಸ್ಪೀಡ್ ಇಡ್ತಿದೀರೋ?"

ರೋಗವನ್ನು ಕಣ್ಣಾರೆ ನೋಡಲೆಂದು ಬೇಗ ಬಂದಿದ್ದ ಸುಪ್ರಿಯಾ ಬಾಗಿಲಲ್ಲಿ ನಿಂತಿದ್ದಳು. ಕಲ್ಲಪ್ಪ ಹೆಬ್ಬೆರಳು ನೋಡಿಕೊಂಡ. ಟವೆಲಿನಿಂದ ಗುಂಡಿ ಒರೆಸಿದರೆ, ಕುಂಕುಮದಡಿ ಮುಚ್ಚಿಹೋಗಿದ್ದ ವೇಗದ ಗುರುತಿನ ಗೆರೆ ಬೆಳ್ಳಗೆ ಹಲ್ಲು ಕಿಸಿಯಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದಾಗಿತ್ತು. ನಾಚಿಕೆಯಿಂದ ನೆಲ ಬಿರಿದರೆ ಸಾಕೆನಿಸಿತು.

"ಕಳ್ಳ ನಾನೇ ಕಣಮ್ಮ" ಎಂದು ಕೀಲಿ ಚಾಚಿದ. "ತಗೊಳ್ಳಿ. ರೆಸ್ಟೇ ಸರಿ ನಂಗೆ."

ಸುಪ್ರಿಯಾ ಕೀಲಿ ಮುಟ್ಟಲಿಲ್ಲ. ಹಳೇ ಕ್ಯಾಲೆಂಡರಿನಿಂದ ಲಕ್ಷ್ಮಿಯ ಚಿತ್ರ ಕತ್ತರಿಸಿ, ಡಬ್ಬಿಯಿಂದ ಮಾರುದೂರದಲ್ಲಿ ಗೋಡೆಗೆ ಅಂಟಿಸಿದಳು.

"ನಾಳೆಯಿಂದ ಡಬ್ಬಿಯ ಬೊಟ್ಟು ಇಲ್ಲಿಗೆ. ಬೀಗ ತೆಗೆಯೋರು ನೀವೇ. ಲೇಟ್ ಮಾಡ್ಬೇಡಿ ಮಾರಾಯ್ರೆ, ಹಿಟ್ಟು ಕಾಯಲ್ಲ."

ಕಲ್ಲಪ್ಪ ಕಣ್ಣೊರೆಸಿಕೊಂಡು ಕೀಲಿಯನ್ನು ಜೇಬಿಗೆ ಹಾಕಿದ.

"ಮೋಟಾರ್‌ಗೆ ಇನ್ನೊಂದು ಬೊಟ್ಟು ಇಡ್ತೀನಿ" ಎಂದ. "ಪಾಪ, ಹದಿನೈದು ದಿನ ನನ್ನ ಪಾಲಿನ ಬೈಗುಳಾನೂ ಅದೇ ತಿಂದಿದೆ."