ಹಾಡಿದವಳ ತಾಂಬೂಲ

ಸಹೃದಯ ವಾಚಕ ಮಹಾಶಯರೇ, ತಪ್ಪಿತಸ್ಥನ ಮುಖಲಕ್ಷಣವನ್ನು ತಾವು ಎಂದಾದರೂ ಅವಲೋಕಿಸಿದ್ದಲ್ಲಿ, ಕಾಮಯಗೌಂಡನ್‌ಪಟ್ಟಿಯ ಆ ಮದುವೆ ಚಪ್ಪರದ ಮೂಲೆಯಲ್ಲಿ ನಿಂತಿದ್ದ ವಿಘ್ನೇಶ್ವರನ್ ಎಂಬ ಯುವಕನನ್ನು ಗುರುತಿಸುವುದು ತಮಗೆ ಕಷ್ಟವಾಗಲಾರದು. ತಂಗಿ ಸರಣ್ಯಾಳ ಮದುವೆ, ಅವನು ನಗಬೇಕಿತ್ತು. ಆದರೆ ಬೋಡಿನಾಯಕನೂರಿನ ಬೀಗರಲ್ಲಿ ಹಿರಿಯಳಾದ ಗಂಡಿನ ಅಜ್ಜಿ ಅಳಗಮ್ಮಾಳ್, ಹೂವು ಕುಂಕುಮ ವೀಳ್ಯದೆಲೆಗಳ ತಟ್ಟೆ ಹಿಡಿದು, ನೆಟ್ಟಗೆ ಅವನತ್ತಲೇ ಬರುತ್ತಿದ್ದಳು.

“ಏನಪ್ಪಾ ತಂಬಿ, ಮೈಕ್ ಸೆಟ್ಟಲ್ಲಿ ಪಾಡ್ತಲ್ಲ, ಆ ಕೊರಳು ಯಾರ್ದು? ನಮ್ಮ ಅರಿಶಿಣದ ಪಾಟು ಅದು. ನಮ್ಮವ್ವ ಓದ ಮೇಲೆ ನನ್ ಕಿವಿಗೆ ಬಿದ್ದೇ ಇರ್ಲಿಲ್ಲ. ಆ ಎಣ್ಣ ಕರಿ, ಎಲ್ಲಿ?”

ತಮಿಳುನಾಡಿನ ಆ ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ನೆಲೆಸಿದ ಕನ್ನಡದ ಒಕ್ಕಲು ಮನೆಗಳಲ್ಲಿ ಒಂದು ಪದ್ಧತಿಯಿತ್ತು. ಅರಿಶಿಣದ ಹಾಡು ಹೇಳಿದವಳಿಗೆ ಗಂಡಿನ ಕಡೆಯವರು ತಾಳಿ ಕಟ್ಟುವ ಮುಂಚೆಯೇ ಹೂವು ಮುಡಿಸಿ, ಕುಂಕುಮವಿಟ್ಟು, ತಾಂಬೂಲ ಕೊಡಬೇಕು. ತಮಿಳು ಸಿನಿಮಾ ಹಾಡುಗಳು ಚಪ್ಪರಕ್ಕೆ ಬಂದ ಮೇಲೆ ಹಾಡೂ ಮರೆತಿತ್ತು, ತಾಂಬೂಲವೂ ಮರೆತಿತ್ತು. ವಿಘ್ನೇಶ್ವರನ್ ಹಾಕಿಸಿದ ಒಂದು ಕ್ಯಾಸೆಟ್ಟು ಎರಡನ್ನೂ ಎಬ್ಬಿಸಿ ಕೂರಿಸಿತು.

ಹಾಡಿದವಳು ಚಪ್ಪರದಲ್ಲಿರಲಿಲ್ಲ. ಅವನ ತಂದೆಯ ತಂಗಿ ಮುತ್ತುಲಕ್ಷ್ಮಿ ಅಡುಗೆಮನೆಯ ಹಿಂದೆ ತೆಂಗಿನಕಾಯಿ ತುರಿಯುತ್ತಿದ್ದಳು. ಅವಳ ಗಂಡ ಏಲಕ್ಕಿ ತೋಟದ ಜೀಪಿನೊಂದಿಗೆ ಘಟ್ಟದಿಂದುರುಳಿದಾಗ ಅವಳ ಕೈಬಳೆ ಇನ್ನೂ ಹೊಸತಾಗಿತ್ತು. ಅಂದಿನಿಂದ ತವರಿನಲ್ಲೇ ಇದ್ದಳು. ಗಂಡನಿಲ್ಲದವಳ ದನಿ ಮುಹೂರ್ತದ ವೇಳೆಗೆ ಚಪ್ಪರದಲ್ಲಿ ಕೇಳಬಾರದು. ವಿಘ್ನೇಶ್ವರನಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ.

ಹೊಸ ವರ್ಷ ಬಂತೆಂದರೆ ಲೋಕದ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆಂದು ಜನ ಮಾತನಾಡಿಕೊಳ್ಳುತ್ತಿದ್ದ ಆ ದಿನಗಳಲ್ಲಿ, ಅವನು ಮಧುರೆಯಿಂದ ಒಂದು ಯಂತ್ರ ಹೊತ್ತು ತಂದಿದ್ದ. ತನ್ನ ಹಳೆಯ ಕಂಪ್ಯೂಟರಿಗೆ ತಂತಿ ಸಿಕ್ಕಿಸಿ ಹಾಡಿಗೆ ಹಾಡು ಬೆರೆಸುವ ಯಂತ್ರ. ಎರಡು ದುಂಡು ತಿರುಗಣೆ, ನಡುವೆ ಅತ್ತಿತ್ತ ಜಾರುವ ಒಂದು ಗುಂಡಿ. ಏನೂ ಬಾರದವನೂ ಮನೆಯಲ್ಲೇ ಕುಳಿತು ಕಲಿಯಬಹುದೆಂದು ಅಂಗಡಿಯವನು ಹೇಳಿದ್ದ. ದ್ರಾಕ್ಷಿಪೆಟ್ಟಿಗೆಗಳ ಕೋಣೆಯಲ್ಲಿ ಅದನ್ನು ಹೂಡಿದಾಗ ಅತ್ತೆ ಬಾಗಿಲಲ್ಲಿ ನಿಂತು ನಕ್ಕಿದ್ದಳು.

“ಮಿಕ್ಸರ್ ತಂದೆ ಅಂದ್ಯಲ್ಲೋ, ಚಟ್ನಿ ಅರೆಯೋ ಕೆಲ್ಸ ತಪ್ತು ಅಂತಿದ್ದೆ. ಇದ್ರಲ್ಲಿ ಒಂದು ತೇಂಗಾಯಿ ಚೂರೂ ಇಡ್ಸಲ್ಲ.”

“ಪಾಟು ಅರೀತದೆ ಅತ್ತೆ. ಒಂದು ಪಾಡು, ನೋಡಾನ.”

ಒಣಮೆಣಸಿನಕಾಯಿ ತೊಟ್ಟು ಮುರಿಯುತ್ತ, ಅವನ ಮೇಲಿನ ಅಕ್ಕರೆಗೆ, ಅವಳು ಅರಿಶಿಣದ ಹಾಡನ್ನು ಆದಿಯಿಂದ ಅಂತ್ಯದವರೆಗೆ ಹಾಡಿದಳು. ಮುಗಿಸಿದವಳೇ, “ಈ ರೂಮು ದಾಟ್ಕೂಡ್ದು ಕಣಪ್ಪಾ,” ಎಂದಳು. ಅವನು ತಲೆಯಾಡಿಸಿದ. ಆಮೇಲೆ ಉರುಮಿ ವಾದ್ಯದ ಬಡಿತ ಬೆರೆಸಿದ. ತಿರುಗಣೆ ತಿರುಗಿಸಿ ದನಿಯನ್ನು ಮೇಲಕ್ಕೇರಿಸಿದ. ದನಿ ಎಳೆಯ ಹುಡುಗಿಯದಾಯಿತು. ಇನ್ನು ಇದು ಅತ್ತೆಯದಲ್ಲ, ಯಾರೂ ಗುರುತಿಸಲಾರರು ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡ. ಇಷ್ಟು ಸೊಗಸಾದುದನ್ನು ಪೆಟ್ಟಿಗೆಗಳ ನಡುವೆ ಮುಚ್ಚಿಡಲು ಮನಸ್ಸೊಪ್ಪದೆ, ಕ್ಯಾಸೆಟ್ಟಿಗಿಳಿಸಿ ಮೈಕ್ ಸೆಟ್ಟಿನವನ ಕೈಗೆ ಕೊಟ್ಟ. ಯಾರೂ ಗುರುತಿಸಲಿಲ್ಲವೆಂಬುದೂ ನಿಜವೇ. ಹುಡುಕಿಕೊಂಡು ಬರುವವರಿದ್ದಾರೆಂದು ಮಾತ್ರ ಅವನು ಎಣಿಸಿರಲಿಲ್ಲ.

“ಪಾಡಿದ್ದು ಯಾರು ಏಳಪ್ಪಾ, ಮುಹೂರ್ತ ಮೀರ್ತದೆ,” ಎಂದಳು ಅಳಗಮ್ಮಾಳ್.

ಅವನ ಕಣ್ಣು ಸರಣ್ಯಾಳ ಬಾಗಿದ ತಲೆಯ ಮೇಲೆ ಬಿತ್ತು. ಬಳಿಕ, ಕೈಗೆ ಸಿಕ್ಕಿದ್ದನ್ನು ಹಿಡಿಯುವ ಮುಳುಗುವವನಂತೆ, ಪಕ್ಕದಲ್ಲಿ ನಿಂತಿದ್ದ ಸೋದರಮಾವನ ಮಗಳನ್ನು ತೋರಿಸಿದ.

“ಇವಳೇ. ತಮಿಳರಸಿ.”

“ಭಾವಾ!” ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಹಣೆಗೆ ಕುಂಕುಮ ಬಿದ್ದಾಗಿತ್ತು. ಮುದುಕಿ ಅವಳ ಗದ್ದ ಹಿಡಿದು, ಕಣ್ಣೊರೆಸಿಕೊಂಡು, ಮಲ್ಲಿಗೆ ಮುಡಿಸಿದಳು. ಸುತ್ತಲಿನ ಹೆಂಗಸರು ಕೌತುಕದಿಂದ ನೋಡಿದರು. ವಿಘ್ನೇಶ್ವರನ್ ಮುಖ ತಿರುಗಿಸಿದರೆ, ಅಡುಗೆಮನೆಯ ಬಾಗಿಲಲ್ಲಿ ಅತ್ತೆ. ಅರ್ಧ ತುರಿದ ಹೋಳೊಂದು ಅವಳ ಕೈಯಲ್ಲಿತ್ತು. ಎಲ್ಲವನ್ನೂ ಕೇಳಿದ್ದಳು, ಎಲ್ಲವನ್ನೂ ನೋಡಿದ್ದಳು. ತುರಿಯುವುದು ಬಾಕಿಯಿದೆಯೆಂಬಂತೆ ಹೋಳನ್ನೊಮ್ಮೆ ನೋಡಿ, ಒಳಗೆ ಹೋದಳು.

ಅವಳು ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಬೈಯಲಿಲ್ಲ. ಹೊತ್ತಿಗೆ ಸರಿಯಾಗಿ ಅನ್ನವಿಕ್ಕಿದಳು, ಅಂಗಿ ಒಗೆದಳು. ಜಗಲಿಯಲ್ಲಿ ಕತ್ತರಿ ಹಿಡಿದು ಗೊಂಚಲಿನ ಕೆಟ್ಟ ಹಣ್ಣು ತೆಗೆಯುವಾಗ ಮೊದಲೆಲ್ಲ ಏನಾದರೊಂದು ಗುನುಗುತ್ತಿದ್ದಳು. ಈಗ ಕತ್ತರಿಯ ಸದ್ದೊಂದೇ. ಆ ಸದ್ದು ಕೇಳಿದರೆ ಅವನು ತಟ್ಟೆ ಬಿಟ್ಟು ಏಳುತ್ತಿದ್ದ.

ಆಷಾಢ ಕಳೆದ ಮೇಲೆ ಬೋಡಿಯಿಂದ ಅಳಗಮ್ಮಾಳ್ ಹೇಳಿಕಳಿಸಿದಳು: ಚಿಕ್ಕ ಮೊಮ್ಮಗನ ನಿಶ್ಚಯಕ್ಕೆ ಆ ಹಾಡುವ ಹುಡುಗಿಯನ್ನು ಕಳಿಸಿಕೊಡಿ. ತಮಿಳರಸಿ ಓಡೋಡಿ ಬಂದಳು.

“ನಾನ್ ಪಾಡಿದ್ರೆ ಎಣ್ಣಿನ ಕಡೆಯವ್ರು ನಿಶ್ಚಯ ಬಿಟ್ಟು ಬಸ್ ಅತ್ತಾರೆ! ನೀನೇ ಓಗು ಭಾವ. ಆ ಪೆಟ್ಟಿಗೆ ತಕ್ಕೊಂಡೋಗಿ ತೋರ್ಸು. ಯಾರೂ ಪಾಡ್ಲಿಲ್ಲ, ಮಿಷಿನ್ನೇ ಪಾಡ್ತು ಅನ್ನು. ಅವ್ರಿಗೇನ್ ಗೊತ್ತಾಗ್ತದೆ?”

ಸುಲಭವಾದ ದಾರಿ. ವಿಘ್ನೇಶ್ವರನ್ ತಂತಿಗಳನ್ನು ಸುತ್ತಿಡಲು ಕುಳಿತ. ಆಗ, ಮದುವೆಯ ನಂತರ ಮೊದಲ ಬಾರಿಗೆ, ಅತ್ತೆ ಆ ಕೋಣೆಗೆ ಬಂದಳು.

“ಒಂದ್ಸಲ ಆಕು.”

ಹಾಕಿದ. ಹುಡುಗಿಯ ದನಿ ಕೋಣೆ ತುಂಬಿತು. ಅತ್ತೆ ದ್ರಾಕ್ಷಿಪೆಟ್ಟಿಗೆಯ ಮೇಲೆ ಕುಳಿತು ಬಹಳ ಹೊತ್ತು ಕೇಳಿದಳು.

“ಮದ್ವೆಗೆ ಮುಂಚೆ ನನ್ ಕೊರಳು ಇಂಗೇ ಇತ್ತು,” ಎಂದಳು. “ಇದ ಎಲ್ಲಿಂದ ತಂದೆಯೋ?”

ಅವನು ತಿರುಗಣೆ ತೋರಿಸಿದ. ಅವಳು ಸೆರಗಿಗೆ ಕೈ ಒರೆಸಿಕೊಂಡು ಅದನ್ನು ಮೆಲ್ಲನೆ ಹಿಂದಕ್ಕೆ ತಿರುಗಿಸಿದಳು. ಹುಡುಗಿಯ ದನಿ ಇಳಿಯಿತು, ದಪ್ಪವಾಯಿತು, ಮೆಣಸಿನಕಾಯಿ ತೊಟ್ಟು ಮುರಿಯುತ್ತ ಹಾಡಿದವಳ ದನಿಗೆ ಬಂದು ನಿಂತಿತು. ಅಲ್ಲಿಗೆ ಅವಳು ಕೈ ತೆಗೆದಳು.

“ಅಲ್ಲೋಗಿ ನಾನು ಪಾಡ್ದೆ ಅಂತ ಏಳ್ಬ್ಯಾಡ. ಸರಣ್ಯಾ ಆ ಮನೇಲಿ ಬಾಳ್ಬೇಕು.”

“ಸರಿ ಅತ್ತೆ.”

“ಮಿಷಿನ್ ಪಾಡ್ತು ಅಂತಾನೂ ಏಳ್ಬ್ಯಾಡ.”

“ಮತ್ತೆ ಏನು ಏಳ್ಲಿ?”

“ಅವತ್ತು ನನ್ನ ಕೇಳಿ ಏಳಿದ್ಯಾ?”

ಅವನು ತಲೆ ತಗ್ಗಿಸಿದ. ಹಾಡು ಮುಗಿದು, ಬರಿಯ ಉರುಮಿ ಬಡಿದು, ಅದೂ ನಿಂತಿತು.

ತಂತಿಗಳನ್ನು ಸುತ್ತಿ, ಯಂತ್ರವನ್ನು ಹಳೆಯ ಪಂಚೆಯಲ್ಲಿ ಕಟ್ಟಿ ಮಂಚದ ಕೆಳಗೆ ತಳ್ಳಿದ. ಹಾಡಿದವಳು ತಮಿಳರಸಿಯಲ್ಲ, ಸುಳ್ಳು ತನ್ನದು ಎಂದಷ್ಟೇ ಹೇಳಿಬರಲು, ಕೈಚೀಲಕ್ಕೆ ಒಂದು ಅಂಗಿ ಹಾಕಿಕೊಂಡು ಬೋಡಿಗೆ ಹೊರಟ. ಮನೆಯಿಂದ ಯಾರಾದರೂ ಕೆಲಸದ ಮೇಲೆ ಹೊರಟರೆಂದರೆ, ತಾನು ಎದುರಾಗಬಾರದೆಂದು ಅತ್ತೆ ಹಿತ್ತಿಲಿಗೆ ಸರಿದುಬಿಡುವಳು. ಯಾರೂ ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ಇಂದೂ ಹಿತ್ತಿಲ ಬಾಗಿಲ ಚಿಲಕದ ಸದ್ದಾಯಿತು.

ಅವನು ಹೊಸ್ತಿಲಲ್ಲೇ ನಿಂತ. ಅತ್ತ ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿತು.

“ಬಸ್ ಬಂತಲ್ಲೋ, ಓಗು!” ಎಂದು ಹಿತ್ತಿಲಿಂದ ಕೂಗಿದಳು.

“ಎದುರಿಗೆ ಬಾ ಅತ್ತೆ, ಓಗ್ತೀನಿ.”

ಬಸ್ಸು ಅವನಿಲ್ಲದೆ ಹೋಯಿತು. ಅದೆಬ್ಬಿಸಿದ ಧೂಳು ದ್ರಾಕ್ಷಿ ಚಪ್ಪರಗಳ ಮೇಲೆ ಇಳಿಯಿತು. ಅವನು ಕದಲಲಿಲ್ಲ. ಬಿಸಿಲು ಜಗಲಿಯ ಅಂಚಿಗೆ ಬಂದ ಹೊತ್ತಿಗೆ ಅವಳು ಮನೆಯನ್ನು ಬಳಸಿಕೊಂಡು ಬೀದಿಯ ಕಡೆಯಿಂದ ಬಂದಳು. ಬಂದು, ಒದ್ದೆ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ, ಅವನೆದುರಿಗೆ ನಿಂತಳು.

ಅವನು ಹೊಸ್ತಿಲು ದಾಟಿ, ಚೀಲವನ್ನು ಹೆಗಲಿಗೇರಿಸಿ, ಬೋಡಿಯ ಬಸ್ಸಿಗಾಗಿ ಕಂಬಂ ಕಡೆಯ ರಸ್ತೆ ಹಿಡಿದು ನಡೆದ.